12 ಡಾಲರಿನದು ಅಸಲಿ, 140 ಡಾಲರಿನದು ರೆಸಿನ್: ನಾನು ತರಿಸಿದ ಮೂರು ಟ್ರೈಲೋಬೈಟ್

ಪೂರ್ತಿ ಓದುವ ತಾಳ್ಮೆ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೂರು ಟ್ರೈಲೋಬೈಟ್ ತರಿಸಿದೆ, ಅಂದರೆ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿದ್ದು ಅಳಿದುಹೋದ, ಗಟ್ಟಿ ಚಿಪ್ಪಿನ ಹುಳದಂಥ ಪ್ರಾಣಿಯ ಪಳೆಯುಳಿಕೆ. 12 ಡಾಲರಿನದಕ್ಕೆ ಐದರಲ್ಲಿ ನಾಲ್ಕೂವರೆ ಸ್ಟಾರ್. 38 ಡಾಲರಿನದಕ್ಕೆ ಐದಕ್ಕೆ ಐದು. 140 ಡಾಲರಿನದಕ್ಕೆ ಸೊನ್ನೆ. ಯಾಕಂದ್ರೆ ಅದು ಪಳೆಯುಳಿಕೆಯೇ ಅಲ್ಲ, ಪ್ಲಾಸ್ಟಿಕ್ಕಿನಂಥ ರೆಸಿನ್ ಅನ್ನು ಅಚ್ಚಿಗೆ ಸುರಿದು ಮಾಡಿದ ಎರಕ. ಅಂಗಡಿಯ ಹೆಸರು ಹಾಕುವುದಿಲ್ಲ. ಅಮೆರಿಕದಲ್ಲಿ ಕೂತು ಆನ್‌ಲೈನ್‌ನಲ್ಲಿ ಕಲ್ಲು, ಹರಳು, ಪಳೆಯುಳಿಕೆ ಮಾರುವ ಒಂದು ಸಣ್ಣ ಅಂಗಡಿ, ಅಷ್ಟು ಸಾಕು. ದುಡ್ಡಿನ ಜಗಳ ಅರ್ಧ ಮುಗಿದಿದೆ, ಅರ್ಧ ಇನ್ನೂ ನಡೀತಾ ಇದೆ.

ಮಗಳಿಗೆ ಹುಳ ಹುಪ್ಪಟೆ ಅಂದರೆ ಪ್ರಾಣ. ನಾಲ್ಕನೇ ಕ್ಲಾಸು. ಡೈನೋಸಾರ್ ಹುಚ್ಚು ಮುಗಿದು ಟ್ರೈಲೋಬೈಟ್ ಹುಚ್ಚು ಹಿಡಿದಿತ್ತು. ಹುಟ್ಟುಹಬ್ಬಕ್ಕೆ ಒಂದು ಅಸಲಿ ಪಳೆಯುಳಿಕೆ ಕೊಡಿಸೋಣ ಅಂದುಕೊಂಡು ಹುಡುಕುತ್ತಾ ಹೋದವನು ಒಂದರ ಜಾಗದಲ್ಲಿ ಮೂರು ಆರ್ಡರ್ ಮಾಡಿದೆ, ಅಕ್ಕನ ಅಮೆರಿಕದ ವಿಳಾಸಕ್ಕೆ ಕಳಿಸಿದೆ, ಅವಳು ಬೆಂಗಳೂರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಬಾದಾಮಿ ಪ್ಯಾಕೆಟ್ ಮತ್ತು ಚಾಕೊಲೇಟ್ ನಡುವೆ ತೂರಿಸಿ ತಂದಳು. "ಅಲ್ಲಿಂದ ಇಲ್ಲಿಗೆ ಕಲ್ಲು ಹೊರಿಸಿದ್ದೀಯಲ್ಲೋ, ಇಲ್ಲಿ ಕಲ್ಲಿಗೇನು ಬರವಾ" ಅಂದಳು.

ಅವಳ ಮಾತಿಗೆ ಉತ್ತರ ಇದೆ. ಕಲ್ಲಿಗೆ ಬರ ಇಲ್ಲ, ಟ್ರೈಲೋಬೈಟಿಗೆ ಬರ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಟ್ರೈಲೋಬೈಟ್ ಸಮುದ್ರದಲ್ಲಿ ಕಾಣಿಸಿಕೊಂಡದ್ದು ಸುಮಾರು 52 ಕೋಟಿ ವರ್ಷಗಳ ಹಿಂದೆ, ಪೂರ್ತಿ ಅಳಿದುಹೋದದ್ದು ಸುಮಾರು 25 ಕೋಟಿ ವರ್ಷಗಳ ಹಿಂದೆ. ಬಾದಾಮಿಯ ಕೆಂಪು ಮರಳುಗಲ್ಲು ಕೂಡ ಇವಕ್ಕಿಂತ ಹಳೆಯದು. ನಮ್ಮ ಬಂಡೆಗಳಿಗೆ ವಯಸ್ಸು ಜಾಸ್ತಿ ಆಯ್ತು, ಅಷ್ಟೇ. ಭಾರತದಲ್ಲಿ ಬೇಕು ಅಂದರೆ ಹಿಮಾಲಯಕ್ಕೆ ಹೋಗಬೇಕು. ಸ್ಪಿಟಿಯ ಪರಾಹಿಯೋ ಕಣಿವೆಯಲ್ಲಿ, ಕಾಶ್ಮೀರದಲ್ಲಿ ಸಿಕ್ಕಿವೆ.

ಪ್ಯಾಕಿಂಗ್ ಚೆನ್ನಾಗಿತ್ತು. ಒಂದೊಂದಕ್ಕೂ ಬೇರೆ ಡಬ್ಬಿ, ಒಳಗೆ ಸ್ಪಂಜು, ಜೊತೆಗೊಂದು ಚೀಟಿ. ಆ ಚೀಟಿಯನ್ನು ನಾನು ಆಗ ಸರಿಯಾಗಿ ನೋಡಬೇಕಿತ್ತು. ಎರಡರ ಮೇಲೆ ಜಾತಿಯ ಹೆಸರು, ಯಾವ ಕಾಲದ್ದು, ಯಾವ ಊರಿನ ಯಾವ ಕಲ್ಲಿನ ಪದರದಿಂದ ತೆಗೆದದ್ದು ಎಲ್ಲ ಇತ್ತು. ಮೂರನೆಯದರ ಮೇಲೆ ಬರೀ "ಟ್ರೈಲೋಬೈಟ್, ಮೊರಾಕೊ" ಅಂತಿತ್ತು. ಊರು ಹೇಳದ ಬೀಗರ ಹಾಗೆ.

ಮೊದಲು ಅಗ್ಗದ್ದು. ಎಲ್ರಾತಿಯಾ ಕಿಂಗಿ ಅಂತ ಹೆಸರು. ಅಮೆರಿಕದ ಯೂಟಾ ರಾಜ್ಯದ ಹೌಸ್ ರೇಂಜ್ ಬೆಟ್ಟಸಾಲಿನದು, ವೀಲರ್ ಶೇಲ್ ಅನ್ನುವ ಪದರಗಲ್ಲಿನಿಂದ ಬಂದದ್ದು. ಸುಮಾರು 50 ಕೋಟಿ ವರ್ಷ ಹಳೆಯದು. ಅಲ್ಲಿ ಇದು ಎಷ್ಟು ಸಿಗುತ್ತದೆ ಅಂದರೆ, ಜಗತ್ತಿನಲ್ಲಿ ಜನ ಕೊಳ್ಳುವ ಮೊದಲ ಟ್ರೈಲೋಬೈಟ್ ಬಹುಶಃ ಇದೇ. ಅಲ್ಲಿನ ಮೂಲನಿವಾಸಿ ಯೂಟ್ ಜನ ಇದಕ್ಕೆ ತೂತು ಕೊರೆದು ತಾಯಿತದ ಹಾಗೆ ಕಟ್ಟಿಕೊಳ್ಳುತ್ತಿದ್ದರು. ನನ್ನದು ಎರಡೂವರೆ ಸೆಂಟಿಮೀಟರ್ ಉದ್ದ, ಕಪ್ಪು, ಮೊಟ್ಟೆಯಾಕಾರ. ಕೈಗೆ ತಗೊಂಡರೆ ಹಳೇ ಕಾಲದ ದಪ್ಪ ನಾಣ್ಯ ಹಿಡಿದ ಹಾಗೆ ಇರುತ್ತದೆ. ತಣ್ಣಗೆ, ತೂಕವಾಗಿ.

ಡಬ್ಬಿ ಬಿಚ್ಚಿದ ಕೂಡಲೇ ಮಗಳು ತೋರಿಸಿದ್ದು "ನೋಡಪ್ಪ, ಮೂರು ಭಾಗ. ತಲೆ, ಹೊಟ್ಟೆ, ಬಾಲ. ಅದಕ್ಕೇ ಟ್ರೈ". ನಾನೂ ಹಾಗೇ ಅಂದುಕೊಂಡಿದ್ದೆ. ತಪ್ಪು. ಹೆಸರಿನಲ್ಲಿರುವ ಮೂರು ಮೇಲಿಂದ ಕೆಳಗೆ ಎಣಿಸುವುದಲ್ಲ, ಎಡದಿಂದ ಬಲಕ್ಕೆ ಎಣಿಸುವುದು. ಬೆನ್ನಿನ ಮಧ್ಯೆ ತಲೆಯಿಂದ ಬಾಲದವರೆಗೆ ಉದ್ದಕ್ಕೆ ಒಂದು ದಿಣ್ಣೆ ಇದೆ. ಅದರ ಎರಡೂ ಕಡೆ ಒಂದೊಂದು ಕಾಲುವೆ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಇಳಿಜಾರು. ಈ ದಿಣ್ಣೆ ಮತ್ತು ಎರಡು ಇಳಿಜಾರು ಸೇರಿ ಮೂರು ಹಾಲೆ. 1771ರಲ್ಲಿ ಯೋಹಾನ್ ವಾಲ್ಕ್ ಅನ್ನುವ ಜರ್ಮನ್ ಪಂಡಿತ ಈ ಮೂರನ್ನು ನೋಡಿಯೇ ಹೆಸರಿಟ್ಟದ್ದು. ತಲೆ, ನಡು, ಬಾಲ ಅಂತ ಅಡ್ಡಡ್ಡ ಮೂರು ಭಾಗ ಇರುವುದೂ ನಿಜ. ತಲೆಗೆ ಸೆಫಲಾನ್, ನಡುವಿಗೆ ಥೋರಾಕ್ಸ್, ಬಾಲದ ತಟ್ಟೆಗೆ ಪೈಜಿಡಿಯಂ ಅನ್ನುತ್ತಾರೆ. ಎರಡು ಲೆಕ್ಕದಲ್ಲೂ ಮೂರೇ ಬರುವುದರಿಂದ ಈ ಗೊಂದಲ. ಮಾರುವವರ ವಿವರಣೆಯಲ್ಲೂ ಇದೇ ತಪ್ಪಿತ್ತು. ಅಲ್ಲೇ ಅರ್ಧ ಸ್ಟಾರ್ ಹೋಯಿತು.

ತಲೆಯ ಮಧ್ಯದ ಉಬ್ಬನ್ನು ತೋರಿಸಿ "ಇದು ಮೂಗು" ಅಂದಳು. ಅದು ಗ್ಲಾಬೆಲ್ಲಾ. ಅದರ ಕೆಳಗೆ ಇದ್ದದ್ದು ಹೊಟ್ಟೆ. ಹೌದು, ತಲೆಯೊಳಗೆ ಹೊಟ್ಟೆ. ಬಾಯಿ ತಲೆಯ ಅಡಿಯಲ್ಲಿ, ಅದೂ ಹಿಂದಕ್ಕೆ ತಿರುಗಿಕೊಂಡು ಇತ್ತು. ತಿಂದದ್ದು ಬಾಯಿಂದ ಮುಂದಕ್ಕೆ ಏರಿ, ಗ್ಲಾಬೆಲ್ಲಾದ ಕೆಳಗಿನ ಹೊಟ್ಟೆಗೆ ಹೋಗಿ, ಅಲ್ಲಿಂದ ತಿರುಗಿ ಬೆನ್ನಿನ ಮಧ್ಯದ ದಿಣ್ಣೆಯ ಅಡಿಯಲ್ಲೇ ಬಾಲದ ಕಡೆಗೆ ಸಾಗುತ್ತಿತ್ತು. ಅಂದರೆ ಆ ನಡು ದಿಣ್ಣೆ ಅನ್ನುವುದು ಕರುಳಿನ ಚಾವಣಿ. ಇದೆಲ್ಲ ಬರೀ ಊಹೆಯಲ್ಲ. ಜೆಕ್ ದೇಶದಲ್ಲಿ 1908ರಲ್ಲಿ ಸಿಕ್ಕ ಒಂದು ಟ್ರೈಲೋಬೈಟನ್ನು ಶಕ್ತಿಶಾಲಿ ಎಕ್ಸ್‌ರೇಯಲ್ಲಿ ನೋಡಿ 2023ರಲ್ಲಿ ಅದರ ಊಟದ ಪಟ್ಟಿಯನ್ನೇ ಪ್ರಕಟಿಸಿದರು. ಬೊಹೆಮೊಲೈಕಾಸ್ ಅಂತ ಅದರ ಹೆಸರು. ಕರುಳಿನ ತುಂಬ ಸಣ್ಣ ಸಣ್ಣ ಚಿಪ್ಪಿನ ಪ್ರಾಣಿಗಳ ಚೂರು. ಸಿಕ್ಕಿದ್ದೆಲ್ಲ ನುಂಗಿ 46 ಕೋಟಿ ವರ್ಷ ಅಜೀರ್ಣ ಇಟ್ಟುಕೊಂಡ ಪ್ರಾಣಿ.

ಆಮೇಲೆ ನಡು. ಎಣಿಸಿದೆವು. 13 ಪಟ್ಟಿ. ಎಲ್ರಾತಿಯಾದಲ್ಲಿ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಎಡಕ್ಕೆ 13, ಬಲಕ್ಕೆ 13, ನಡು ದಿಣ್ಣೆಯಲ್ಲೂ 13 ಉಂಗುರ. ಈ ಎಣಿಕೆ ಮುಂದೆ ನನ್ನ 140 ಡಾಲರಿನ ಕೇಸಿಗೆ ಸಾಕ್ಷಿಯಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ಬಾಲದ ತಟ್ಟೆ ಇದರಲ್ಲಿ ಚಿಕ್ಕದು, ಉಗುರಿನ ಚೂರಿನಷ್ಟು. ಅದೂ ಪಟ್ಟಿಗಳೇ ಬೆಸೆದುಕೊಂಡು ಆದ ತಟ್ಟೆ. ಕೆಲವು ಜಾತಿಗಳಲ್ಲಿ ಬಾಲ ತಲೆಯಷ್ಟೇ ದೊಡ್ಡದಿರುತ್ತದೆ.

ಕೆನ್ನೆಯ ವಿಷಯ ಹೇಳಲೇಬೇಕು. ನನ್ನದರ ತಲೆಯ ಎಡ ಅಂಚು ಬೆರಳಿಗೆ ಸ್ವಲ್ಪ ಒಳಗೆ ಸಿಗುತ್ತದೆ. ಒಂದು ಚೂರು ಇಲ್ಲ. ಒಡೆದಿದೆ ಅಂತ ಮೊದಲು ಸಿಟ್ಟು ಬಂತು, ಭೂತಗನ್ನಡಿಯಲ್ಲಿ ನೋಡಿದರೆ ಅಂಚು ಒಡೆದ ಹಾಗಿಲ್ಲ, ಹೊಲಿಗೆ ಬಿಚ್ಚಿದ ಹಾಗೆ ನಯವಾಗಿದೆ. ಟ್ರೈಲೋಬೈಟಿನ ತಲೆ ಒಂದೇ ತಟ್ಟೆಯಲ್ಲ. ಎರಡೂ ಕಣ್ಣಿನ ಪಕ್ಕದಲ್ಲಿ ಒಂದೊಂದು ಹೊಲಿಗೆಯ ಗೆರೆ ಹಾದುಹೋಗುತ್ತದೆ. ಆ ಗೆರೆಯ ಆಚೆಗಿನ ತುಂಡು ಬಿಡಿ ಕೆನ್ನೆ, ಈಚೆಗಿನದು ನಡುತಲೆಗೆ ಅಂಟಿದ ಕೆನ್ನೆ. ಬೆಳೆಯುವಾಗ ಹಳೇ ಚಿಪ್ಪು ಬಿಗಿಯಾಗುತ್ತದೆ ಅಲ್ವಾ, ಆಗ ಈ ಹೊಲಿಗೆ ಬಿಚ್ಚಿಕೊಂಡು ಪ್ರಾಣಿ ಮುಂದಿನಿಂದ ಹೊರಗೆ ಬರುತ್ತಿತ್ತು, ಹಾವು ಪೊರೆ ಬಿಟ್ಟ ಹಾಗೆ, ಏಡಿ ಚಿಪ್ಪು ಕಳಚಿದ ಹಾಗೆ. ಒಂದೇ ಪ್ರಾಣಿ ಜೀವನದಲ್ಲಿ ಎಷ್ಟೋ ಸಲ ಪೊರೆ ಬಿಡುತ್ತಿದ್ದರಿಂದ, ನಾವು ಕೊಳ್ಳುವ ಟ್ರೈಲೋಬೈಟುಗಳಲ್ಲಿ ತುಂಬಾ ಸತ್ತ ಪ್ರಾಣಿಗಳಲ್ಲ, ಬಿಟ್ಟುಹೋದ ಅಂಗಿಗಳು. ಎಲ್ರಾತಿಯಾದಲ್ಲಿ ಬಿಡಿ ಕೆನ್ನೆ ಇಲ್ಲದವು ಬೇಕಾದಷ್ಟು. ಹಾಗಾಗಿ ಇದಕ್ಕೆ ಸ್ಟಾರ್ ಕಡಿಮೆ ಮಾಡಲಿಲ್ಲ.

ಆಮೇಲೆ ಮಗಳು ಅದನ್ನು ಮಗುಚಿ ಹಾಕಿದಳು. "ಕಾಲು ಎಲ್ಲಿ?"

ಕಾಲಿಲ್ಲ. ಅಡಿಯಲ್ಲಿ ಬೂದು ಬಣ್ಣದ ನಾರು ನಾರಾದ ಕಲ್ಲು ಅಷ್ಟೇ. ಅಂಗಡಿಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ "ಸಂಪೂರ್ಣ ಟ್ರೈಲೋಬೈಟ್" ಅಂತ ಬರೆದಿತ್ತು. ಸಂಪೂರ್ಣ ಅಂದರೆ ಕಾಲೂ ಸೇರಬೇಕಲ್ಲ ಅನ್ನುವುದು ಅವಳ ವಾದ, ಕನ್ಸ್ಯೂಮರ್ ಕೋರ್ಟಿನಲ್ಲೂ ನಿಲ್ಲುವಂಥದ್ದು. ಆದರೆ ಮಾರುವವರದ್ದು ಇಲ್ಲಿ ತಪ್ಪಿಲ್ಲ. ಟ್ರೈಲೋಬೈಟಿನ ಬೆನ್ನಿನ ಚಿಪ್ಪು ಮಾತ್ರ ಕ್ಯಾಲ್ಸೈಟ್ ಅನ್ನುವ ಸುಣ್ಣದ ಖನಿಜ ಸೇರಿ ಕಲ್ಲಿನಂತೆ ಗಟ್ಟಿಯಾಗಿತ್ತು. ಆ ಚಿಪ್ಪು ಅಂಚಿನಲ್ಲಿ ಸ್ವಲ್ಪ ಒಳಕ್ಕೆ ಮಡಚಿಕೊಳ್ಳುತ್ತದೆ, ಸೀರೆಯ ಅಂಚಿಗೆ ಒಳಗಿನಿಂದ ಫಾಲ್ ಹೊಲಿದ ಹಾಗೆ. ಬಾಯಿಯ ಮುಂದೆ ಹೈಪೊಸ್ಟೋಮ್ ಅನ್ನುವ ಇನ್ನೊಂದು ಗಟ್ಟಿ ತಟ್ಟೆ. ಅಡಿಯಲ್ಲಿ ಗಟ್ಟಿ ಇದ್ದದ್ದು ಇಷ್ಟೇ. ಕಾಲು, ಮೀಸೆ, ಹೊಟ್ಟೆಯ ಕಡೆಯ ತೊಗಲು ಎಲ್ಲ ಮೆತ್ತಗೆ, ಬೇಗ ಕೊಳೆತುಹೋಗುತ್ತಿತ್ತು. ಎಲ್ರಾತಿಯಾದಲ್ಲಿ ಇದರ ಮೇಲೆ ಇನ್ನೊಂದು ಕಥೆ. ಮಣ್ಣಿನಲ್ಲಿ ಹೂತ ಮೇಲೆ ಚಿಪ್ಪಿನ ಅಡಿಗೆ ಕ್ಯಾಲ್ಸೈಟ್ ಪದರ ಬೆಳೆದು ದಪ್ಪಗಾಯಿತು. ಅದಕ್ಕೇ ಕಲ್ಲಿನಿಂದ ಬಿಡಿಬಿಡಿಯಾಗಿ ನಾಣ್ಯದ ಹಾಗೆ ಉದುರುತ್ತದೆ, ಅದಕ್ಕೇ 12 ಡಾಲರಿಗೆ ಸಿಗುತ್ತದೆ. ನನಗೆ ಸಿಕ್ಕ ಆ ಒಳ್ಳೆಯ ತೂಕ ಪ್ರಾಣಿಯದಲ್ಲ, ಆಮೇಲೆ ಸೇರಿಕೊಂಡದ್ದು.

ಹಾಗಾದರೆ ಕಾಲಿತ್ತು ಅಂತ ಹೇಗೆ ಗೊತ್ತು? ಅವಳು ಕೇಳಿದ್ದು ಇದನ್ನೇ. ರಾತ್ರಿ ಹನ್ನೊಂದರವರೆಗೆ ಅಪ್ಪ ಮಗಳು ಇದರ ಹಿಂದೆ ಬಿದ್ದೆವು, ಮನೆಯವಳಿಂದ ಬೈಸಿಕೊಂಡೆವು. ಇಲ್ಲಿಯವರೆಗೆ 20,000ಕ್ಕಿಂತ ಜಾಸ್ತಿ ಟ್ರೈಲೋಬೈಟ್ ಜಾತಿಗಳಿಗೆ ಹೆಸರಿಟ್ಟಿದ್ದಾರೆ. ಅದರಲ್ಲಿ ಕಾಲು ಸಿಕ್ಕಿರುವುದು ಕೆಲವೇ ಹತ್ತಾರು ಜಾತಿಗಳದ್ದು ಮಾತ್ರ. ನ್ಯೂಯಾರ್ಕ್ ರಾಜ್ಯದ ಒಂದು ಕಲ್ಲುಗಣಿಯಲ್ಲಿ ಚಾರ್ಲ್ಸ್ ವಾಲ್ಕಾಟ್ ಅನ್ನುವ ಪಳೆಯುಳಿಕೆ ವಿಜ್ಞಾನಿ 1870ರ ದಶಕದಲ್ಲಿ ಒಂದು ಕೆಲಸ ಮಾಡಿದ. ಟ್ರೈಲೋಬೈಟ್ ಇರುವ ಕಲ್ಲನ್ನು ಆಲೂಗಡ್ಡೆ ಚಿಪ್ಸಿನ ಹಾಗೆ ತೆಳ್ಳಗೆ ಕೊಯ್ದ. ಕೊಯ್ದ ಬಿಲ್ಲೆಗಳಲ್ಲಿ ಕಾಲಿನ ಅಡ್ಡಕೊಯ್ತ ಕಂಡಿತು. 1881ರಲ್ಲಿ ಪ್ರಕಟಿಸಿದ. ಅದೇ ರಾಜ್ಯದ ರೋಮ್ ಪಟ್ಟಣದ ಹತ್ತಿರ ಇನ್ನೊಂದು ಜಾಗ, ಬೀಚರ್ಸ್ ಬೆಡ್. ಅಲ್ಲಿ ಟ್ರಯಾರ್ತ್ರಸ್ ಅನ್ನುವ ಜಾತಿಯ ಮೀಸೆ, ಕಾಲು, ಎಲ್ಲ ಪೈರೈಟ್ ಅನ್ನುವ ಹೊಳೆಯುವ ಖನಿಜವಾಗಿ ಉಳಿದಿದೆ. ಕಪ್ಪು ಕಲ್ಲಿನ ಮೇಲೆ ಚಿನ್ನದ ಬಣ್ಣದ ಮೀಸೆ. ಅದರ ಫೋಟೋ ನೋಡಿದ ಮೇಲೆ ನನ್ನ ಎಲ್ರಾತಿಯಾ ಬೋಳು ಬೋಳಾಗಿ ಕಂಡಿತು, ಸುಳ್ಳು ಯಾಕೆ ಹೇಳಲಿ.

ಕಾಲು ಹೇಗಿತ್ತು ಅಂದರೆ, ಒಂದೊಂದು ಪಟ್ಟಿಯ ಅಡಿಗೂ ಒಂದು ಜೊತೆ. ತಲೆಯ ಅಡಿಯಲ್ಲೂ ಮೂರೋ ನಾಲ್ಕೋ ಜೊತೆ, ಅದರ ಮುಂದೆ ಒಂದು ಜೊತೆ ಮೀಸೆ. ಬಾಲದ ಅಡಿಯಲ್ಲಿ ಚಿಕ್ಕ ಚಿಕ್ಕವು. ಪ್ರತಿ ಕಾಲೂ ಕವಲು. ಕೆಳಗಿನ ಕವಲು ನಡೆಯುವುದಕ್ಕೆ. ಮೇಲಿನ ಕವಲಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಎಳೆಗಳು, ಅದು ಕಿವಿರು. ಕಿವಿರು ಹೌದೋ ಅಲ್ಲವೋ ಅಂತ ತುಂಬಾ ವರ್ಷ ವಾದ ಇತ್ತು, 2021ರಲ್ಲಿ ಟ್ರಯಾರ್ತ್ರಸ್‌ನ ಎಳೆಗಳ ಒಳರಚನೆ ನೋಡಿ ಉಸಿರಾಟದ ಅಂಗವೇ ಅಂತ ತೋರಿಸಿದರು. ಅಂದರೆ ಇವು ಉಸಿರಾಡುತ್ತಿದ್ದದ್ದು ಕಾಲಿನಿಂದ. ಕೆಲವು ಜಾತಿಗಳು ಅಗಿಯುತ್ತಿದ್ದದ್ದೂ ಕಾಲಿನ ಬುಡದ ಮುಳ್ಳುಗಳಿಂದ. ಎರಡು ಸಾಲು ಕಾಲಿನ ನಡುವಿನ ಸಂದಿಯಲ್ಲಿ ತುತ್ತನ್ನು ಹಿಂದಿನಿಂದ ಮುಂದಕ್ಕೆ ದಾಟಿಸಿ ಬಾಯಿಗೆ ತಲುಪಿಸುತ್ತಿದ್ದವು. ಬಾಯಿ ಹಿಂದಕ್ಕೆ ತಿರುಗಿಕೊಂಡಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತಾ? ನಮ್ಮ ಮನೇಲಿ ಎಲ್ಲರಿಗಿಂತ ಮೊದಲು ಹೊಳೆದದ್ದು ಮಗಳಿಗೆ.

ಎರಡನೆಯದು, 38 ಡಾಲರಿನದು. ಇದನ್ನು ಯಾರಿಗೂ ಕೊಡುವುದಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಫ್ಲೆಕ್ಸಿಕ್ಯಾಲಿಮೀನ್, ಸುಮಾರು 45 ಕೋಟಿ ವರ್ಷ ಹಳೆಯದು, ಸುತ್ತಿಕೊಂಡದ್ದು. ದೊಡ್ಡ ಗೋಲಿಯಷ್ಟಿದೆ, ಬೂದು ಕಂದು ಬಣ್ಣ. ಮಲೆನಾಡಿನವರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ. ಮಳೆಗಾಲದಲ್ಲಿ ತರಗೆಲೆ ಸರಿಸಿದರೆ ಒಂದು ಸಾವಿರಕಾಲಿನ ಹುಳ ಸಿಗುತ್ತದಲ್ಲ, ಮುಟ್ಟಿದ ಕೂಡಲೇ ಕಪ್ಪು ಗೋಲಿಯಾಗಿ ಉರುಳುತ್ತದಲ್ಲ, ಥೇಟ್ ಹಾಗೆ. ಅಪಾಯ ಬಂದಾಗ ಮೆತ್ತನೆ ಹೊಟ್ಟೆಯನ್ನೂ ಕಾಲುಗಳನ್ನೂ ಒಳಗೆ ಹಾಕಿಕೊಂಡು ಗಟ್ಟಿ ಬೆನ್ನನ್ನು ಹೊರಗೆ ಮಾಡಿ ಸುತ್ತಿಕೊಂಡಿದೆ. ಹಾಗೇ ಕೆಸರಿನಲ್ಲಿ ಹೂತುಹೋಗಿದೆ. ಇದು ಬಿಟ್ಟ ಪೊರೆಯಲ್ಲ, ಬದುಕಿದ್ದಾಗಲೇ ಸುತ್ತಿಕೊಂಡ ಪ್ರಾಣಿ. ಮಗಳು ಎರಡು ಸಲ ಬಿಚ್ಚುವುದಕ್ಕೆ ನೋಡಿದಳು. ಆಮೇಲೆ ಡಬ್ಬಿ ಮೇಲಿನ ಕಪಾಟಿಗೆ ಹೋಯಿತು.

ಲೂಪ್ ಹಾಕಿಕೊಂಡು ಇದರ ಪಕ್ಕೆಯನ್ನು ನೋಡಬೇಕು. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ ಅದು, ಅವೆನ್ಯೂ ರಸ್ತೆಯಲ್ಲಿ ತಂದದ್ದು, ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಖರ್ಚು. ಪಟ್ಟಿಗಳು ಪಕ್ಕದ ತುದಿಯಲ್ಲಿ ಒಂದರ ಕೆಳಗೆ ಒಂದು ಜಾರಿಕೊಂಡಿವೆ. ಅಂಗಡಿಯ ರೋಲಿಂಗ್ ಷಟರ್ ಮೇಲೆ ಸುತ್ತಿಕೊಳ್ಳುವಾಗ ಪಟ್ಟಿ ಪಟ್ಟಿಯ ನಡುವೆ ಸಂದಿ ಬಿಡದೆ ತಿರುಗುತ್ತದಲ್ಲ, ಅದೇ ತಂತ್ರ. ಬಾಲದ ಅಂಚು ತಲೆಯ ಅಂಚಿನ ಕೆಳಗೆ ಸ್ಟೀಲ್ ಡಬ್ಬಿಯ ಮುಚ್ಚಳ ಕೂತ ಹಾಗೆ ಕೂತಿದೆ. ಗುಂಡುಸೂಜಿ ತುದಿಯೂ ಹೋಗುವುದಿಲ್ಲ. ಬೆನ್ನು ಬಾಗುವುದು ಸರಿ, ಹೊಟ್ಟೆಯ ಕಡೆ ಜಾಗ ಎಲ್ಲಿತ್ತು, ಅಷ್ಟೊಂದು ಕಾಲು ಎಲ್ಲಿ ಹೋದವು ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇತ್ತೀಚೆಗೆ. ವಾಲ್ಕಾಟ್ ಅಂದು ಕೊಯ್ದಿಟ್ಟ ಅವೇ ಬಿಲ್ಲೆಗಳನ್ನು ಹಾರ್ವರ್ಡ್‌ನವರು ಮತ್ತೆ ತೆಗೆದು ನೋಡಿ 2023ರಲ್ಲಿ ಬರೆದರು. ಹೊಟ್ಟೆಯ ಕಡೆಯ ತಟ್ಟೆಗಳೂ ಒಂದರ ಕೆಳಗೊಂದು ಜಾರುತ್ತಿದ್ದವಂತೆ. ಹೋಲಿಕೆಗೆ ಅವರು ಇಟ್ಟುಕೊಂಡದ್ದು ಇವತ್ತಿಗೂ ಗೋಲಿಯಾಗುವ ಹುಳಗಳನ್ನೇ.

ಐದಕ್ಕೆ ಐದು. ದುಡ್ಡಿಗೆ ಮೋಸವಿಲ್ಲ.

ಈಗ ಮೂರನೆಯದು. ಡ್ರೋಟಾಪ್ಸ್ ಅಂತ ಅಂಗಡಿಯ ಪುಟದಲ್ಲಿ ಹೆಸರಿತ್ತು. ಅಸಲಿ ಡ್ರೋಟಾಪ್ಸ್ ಮೊರಾಕೊದ ಆಲ್ನಿಫ್ ಪಟ್ಟಣದ ಹತ್ತಿರದ ಬೆಟ್ಟಗಳಲ್ಲಿ ಸಿಗುತ್ತದೆ, ಸುಮಾರು 39 ಕೋಟಿ ವರ್ಷ ಹಳೆಯದು, ಟ್ರೈಲೋಬೈಟುಗಳಲ್ಲಿ ದೊಡ್ಡ ಸೈಜು. ನನಗೆ ಬಂದದ್ದು 11 ಸೆಂಟಿಮೀಟರ್, ಕಂದು ಕಲ್ಲಿನ ಮೇಲೆ ಕಪ್ಪಗೆ ಕಪ್ಪೆಯ ಹಾಗೆ ಕೂತಿತ್ತು. ಬಿಚ್ಚಿದ ದಿನ ಮನೆಯವರೆಲ್ಲ ಕೈ ಬದಲಿಸಿ ಬದಲಿಸಿ ನೋಡಿದ್ದೇ ಇದನ್ನು, ಉಳಿದ ಎರಡು ಮೂಲೆ ಸೇರಿದ್ದವು. ಅಕ್ಕ ಕೂಡ "ಇದು ಪರವಾಗಿಲ್ಲ ಕಣೋ" ಅಂದಳು.

ಮೊದಲ ಅನುಮಾನ ಕಣ್ಣಿನಿಂದ. ಈ ಗುಂಪಿನ ಟ್ರೈಲೋಬೈಟನ್ನು ಜನ ಕೊಳ್ಳುವುದೇ ಕಣ್ಣಿಗೋಸ್ಕರ. ಬಹುತೇಕ ಟ್ರೈಲೋಬೈಟುಗಳ ಕಣ್ಣಿನಲ್ಲಿ ಪುಟ್ಟ ಪುಟ್ಟ ಲೆನ್ಸುಗಳು ಒತ್ತೊತ್ತಾಗಿ, ಒಂದೇ ಪೊರೆಯ ಕೆಳಗೆ, ನೊಣದ ಕಣ್ಣಿನ ಹಾಗೆ ಇರುತ್ತವೆ. ಕೆಲವದರಲ್ಲಿ ಸಾವಿರಗಟ್ಟಲೆ. ನನ್ನ ಎಲ್ರಾತಿಯಾದಲ್ಲಿ ಆ ಭಾಗವೇ ಉದುರಿಹೋಗಿ ಕಣ್ಣಿನ ಜಾಗದಲ್ಲಿ ಬರೀ ಅರ್ಧಚಂದ್ರದ ಉಬ್ಬು ಉಳಿದಿದೆ. ಆದರೆ ಡ್ರೋಟಾಪ್ಸ್ ಸೇರಿದ ಫೇಕಾಪ್ಸ್ ಬಳಗದಲ್ಲಿ ಲೆನ್ಸುಗಳು ದೊಡ್ಡವು, ಕಡಿಮೆ, ಒಂದಕ್ಕೊಂದು ಅಂಟದೆ ಬಿಡಿಬಿಡಿ. ಜೋಳದ ತೆನೆಯಲ್ಲಿ ಕಾಳು ಕೂತ ಹಾಗೆ ಸಾಲು ಸಾಲಾಗಿ ಇರುತ್ತವೆ, ಬರಿಗಣ್ಣಿಗೇ ಕಾಣುತ್ತವೆ. ಮತ್ತೆ ಆ ಲೆನ್ಸು ಕ್ಯಾಲ್ಸೈಟ್, ಅಂದರೆ ಕಲ್ಲು. ಶುದ್ಧ ಕ್ಯಾಲ್ಸೈಟ್ ಹರಳನ್ನು ಅಕ್ಷರದ ಮೇಲೆ ಇಟ್ಟರೆ ಒಂದು ಸಾಲು ಎರಡಾಗಿ ಕಾಣುತ್ತದೆ, ಬೆಳಕನ್ನು ಸೀಳುವುದು ಅದರ ಗುಣ. ಒಂದೇ ಒಂದು ದಿಕ್ಕಿನಲ್ಲಿ ಮಾತ್ರ ಸೀಳುವುದಿಲ್ಲ. ಟ್ರೈಲೋಬೈಟಿನ ಪ್ರತಿ ಲೆನ್ಸಿನಲ್ಲೂ ಹರಳಿನ ಆ ದಿಕ್ಕು ನೇರ ಹೊರಗೆ ನೋಡುವಂತೆ ಕೂತಿರುತ್ತದೆ. ಬದುಕಿದ್ದಾಗ ಅವು ಪೂರ್ತಿ ಕಲ್ಲೇ ಆಗಿದ್ದವೋ, ಆಮೇಲೆ ಕಲ್ಲಾದವೋ ಅಂತ 2019ರಿಂದ ಒಂದು ತಕರಾರು ನಡೆದಿದೆ, ಅದು ಬೇರೆ ವಿಷಯ.

ನನ್ನದರಲ್ಲಿ ಲೂಪ್ ಇಟ್ಟು ನೋಡಿದರೆ ಲೆನ್ಸೇ ಇಲ್ಲ. ಯಾವುದೋ ಮೊನೆಯಿಂದ ಚುಚ್ಚಿ ಚುಚ್ಚಿ ಮಾಡಿದ ಗುಳಿ. ಸಾಲು ಸೊಟ್ಟ. ಬಲಗಣ್ಣಿನಲ್ಲಿ ಎರಡು ಗುಳಿ ಒಂದರೊಳಗೊಂದು ಸೇರಿಕೊಂಡಿವೆ. ಅಲ್ಲೇ ಹೊಟ್ಟೆಯಲ್ಲಿ ತಣ್ಣಗಾಯಿತು.

ಆಮೇಲೆ ಮಗಳು ಎಣಿಸಿದಳು, ಅವಳಿಗೆ ಅದು ಅಭ್ಯಾಸ ಆಗಿಬಿಟ್ಟಿತ್ತು. "ಅಪ್ಪ, ಎಡಕ್ಕೆ 10, ಬಲಕ್ಕೆ 9." ಇಲ್ಲ ಕಣೆ ಸರಿಯಾಗಿ ಎಣಿಸು ಅಂದೆ. ನಾನೂ ಎಣಿಸಿದೆ. ಎಡಕ್ಕೆ 10, ಬಲಕ್ಕೆ 9. ಫೇಕಾಪ್ಸ್ ಬಳಗದಲ್ಲಿ ಬೆಳೆದ ಪ್ರಾಣಿಗೆ ನಡುಪಟ್ಟಿ 11. ಬೇರೆ ಬಳಗಗಳಲ್ಲಿ ಎರಡೇ ಪಟ್ಟಿಯವು ಇವೆ, ನೂರು ದಾಟಿದವೂ ಇವೆ, ಆದರೆ ಒಂದೇ ಪ್ರಾಣಿಯ ಎಡಕ್ಕೊಂದು ಲೆಕ್ಕ ಬಲಕ್ಕೊಂದು ಲೆಕ್ಕ ಇರುವುದುಂಟಾ? ಅಚ್ಚು ಮಾಡಿದವನಿಗೆ ಬಲಗಡೆ ಜಾಗ ಸಾಲಲಿಲ್ಲ ಅಂತ ಕಾಣುತ್ತದೆ.

ಆಮೇಲೆ ಎಲ್ಲ ಸಾಲಾಗಿ ಹೊರಬಂತು. ಬೆನ್ನಿನ ಮೇಲೆ ಸೂಜಿಮೊನೆಯಷ್ಟು ದುಂಡನೆ ರಂಧ್ರಗಳು, ರೆಸಿನ್ ಸುರಿದಾಗ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು, ದೋಸೆಯ ಮೇಲಿನ ತೂತುಗಳ ಹಾಗೆ. ತುಟಿಗೆ ಒತ್ತಿ ನೋಡಿದರೆ ಎಲ್ರಾತಿಯಾ ತಣ್ಣಗೆ, ಇದು ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಬೆಚ್ಚಗೆ. ಉಗುರಿನ ಬಣ್ಣ ತೆಗೆಯುವ ದ್ರಾವಣವನ್ನು ಹತ್ತಿಗೆ ಹಾಕಿ ಬಾಲದ ಮೂಲೆಯಲ್ಲಿ ಉಜ್ಜಿದೆ, ಹತ್ತಿ ಕಪ್ಪಾಯಿತು, ಬಾಲ ಬಿಳಿಚಿಕೊಂಡಿತು. ಅಸಲಿ ತುಂಡಿನ ಮೇಲೆ ಮಾತ್ರ ಇದನ್ನು ಮಾಡಬೇಡಿ, ಅದರಲ್ಲಿರುವ ಅಂಟು ಬಿಟ್ಟುಕೊಳ್ಳಬಹುದು.

ಅಂಟು ಅಂದೆನಲ್ಲ, ಆ ವಿಷಯ ತುಂಬಾ ಜನ ಉಲ್ಟಾ ತಿಳಿದಿರುತ್ತಾರೆ. ನಾನೂ ತಿಳಿದಿದ್ದೆ. ಆರ್ಡರ್ ಮಾಡುವಾಗ ಇನ್ನೊಂದು ತುಂಡಿನ ಫೋಟೋದಲ್ಲಿ ಕಲ್ಲಿನ ಮೇಲೆ ಅಡ್ಡ ಬಿರುಕು, ಬಿರುಕಿಗೆ ಅಂಟು ಹಾಕಿದ ಗುರುತು ಕಂಡಿತ್ತು. ಥೂ ಒಡೆದದ್ದು ಅಂತ ಬಿಟ್ಟು, ಬಿರುಕೇ ಇಲ್ಲದ ಈ ನಯವಾದದ್ದನ್ನು ಆರಿಸಿದೆ. ಮೊರಾಕೊದ ಗಟ್ಟಿ ಸುಣ್ಣಕಲ್ಲಿನಲ್ಲಿ ಟ್ರೈಲೋಬೈಟ್ ಇದೆ ಅಂತ ಗೊತ್ತಾಗುವುದೇ ಕಲ್ಲು ಒಡೆದಾಗ. ಒಡೆದ ಮುಖದಲ್ಲಿ ಚಿಪ್ಪಿನ ಅಡ್ಡಕೊಯ್ತ ಒಂದು ಕಪ್ಪು ಗೆರೆಯಾಗಿ ಕಾಣುತ್ತದೆ. ಆಗ ಎರಡೂ ತುಂಡನ್ನು ಅಂಟಿಸಿ, ಗಾಳಿಯಲ್ಲಿ ಓಡುವ ಸಣ್ಣ ಉಳಿಯಿಂದ, ಆಮೇಲೆ ಪುಡಿ ಊದುವ ಯಂತ್ರದಿಂದ ಮೇಲಿನ ಕಲ್ಲನ್ನು ಕಣ ಕಣವಾಗಿ ತೆಗೆಯುತ್ತಾರೆ. ಹಾಗಾಗಿ ಕಲ್ಲನ್ನೂ ಪ್ರಾಣಿಯನ್ನೂ ಒಟ್ಟಿಗೆ ಸೀಳಿಕೊಂಡು ಹೋದ, ಅಂಟಿಸಿದ ಬಿರುಕು ಒಳ್ಳೆಯ ಲಕ್ಷಣ. ಸೀರೆಯಲ್ಲಿ ನೇಯ್ಗೆಯ ಸಣ್ಣ ಗಂಟು ಕೈಮಗ್ಗದ ಗುರುತು ಅನ್ನುತ್ತಾರಲ್ಲ, ಹಾಗೆ. ನಾನು ಗಂಟಿಲ್ಲದ್ದನ್ನು ಹುಡುಕಿ ಪವರ್‌ಲೂಮ್ ತಂದವನು.

ಇದನ್ನು ಓದಿ ಮೊರಾಕೊದ ಮಾಲೆಲ್ಲ ಮೋಸ ಅಂತ ತಿಳಿಯಬೇಡಿ. ಆಲ್ನಿಫ್, ಎರ್ಫೂದ್ ಕಡೆಯ ಕುಶಲಕರ್ಮಿಗಳು ಕೂದಲೆಳೆಯಷ್ಟು ತೆಳ್ಳಗಿನ ಮುಳ್ಳುಗಳನ್ನೂ ಕಲ್ಲಿನಿಂದ ಮುರಿಯದೆ ಬಿಡಿಸುತ್ತಾರೆ. ವಾಲಿಸೆರೊಪ್ಸ್ ಅನ್ನುವ ಜಾತಿಗೆ ತಲೆಯ ಮುಂದೆ ತ್ರಿಶೂಲ ಇದೆ, ನಿಜವಾಗಿಯೂ ಮೂರು ಕವಲಿನ ತ್ರಿಶೂಲ. ಗಂಡು ಗಂಡು ಕಾದಾಡಲು ಇರಬಹುದು ಅಂತ 2023ರಲ್ಲಿ ಒಂದು ವಾದ ಬಂದಿದೆ. ಎರ್ಬೆನೊಕಿಲೆ ಅನ್ನುವುದರ ಕಣ್ಣು ಗೋಪುರದ ಹಾಗೆ ಎದ್ದು ನಿಂತಿದೆ, ಮೇಲೆ ಬಿಸಿಲಿಗೆ ಟೋಪಿಯ ಅಂಚಿನ ಹಾಗೆ ಒಂದು ಮರೆ ಬೇರೆ. ಇವೆಲ್ಲ ಅಲ್ಲಿಯವೇ. 2024ರಲ್ಲಿ ಅದೇ ದೇಶದ ಹೈ ಅಟ್ಲಾಸ್ ಬೆಟ್ಟಗಳಿಂದ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ಟ್ರೈಲೋಬೈಟುಗಳ ವರದಿ ಬಂತು. ಬೂದಿ ಅಚ್ಚು ಹಿಡಿದದ್ದರಿಂದ ಕಾಲು, ಬಾಯಿಯ ಸೀಳು, ಬಾಯಿಯ ಮೇಲಿನ ತುಟಿಯಂಥ ಮೆತ್ತನೆ ಭಾಗ ಎಲ್ಲ ಮೂರು ಆಯಾಮದಲ್ಲಿ ಸಿಕ್ಕಿವೆ. ಕೈಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಅದಕ್ಕೆ ಸರಿಯಾದ ಬೆಲೆ ಇದೆ. ಅಸಲಿಗೆ ಕೊಡಬೇಕಾದ ಹಣ ನಕಲಿಗೆ ಹೋಯಿತಲ್ಲ ಅನ್ನುವುದೇ ಸಂಕಟ.

ಅಂಗಡಿಗೆ ಬರೆದೆ. ಮೊದಲ ಉತ್ತರ: "ಮೊರಾಕೊದ ಪಳೆಯುಳಿಕೆಗಳಲ್ಲಿ ಸ್ವಲ್ಪ ರಿಪೇರಿ ಸಹಜ." ರಿಪೇರಿ ಬೇರೆ, ಇಡೀ ಪ್ರಾಣಿಯನ್ನೇ ಸುರಿದು ಮಾಡುವುದು ಬೇರೆ. ಪಟ್ಟಿ ಎಣಿಸಿದ ಫೋಟೋ ಕಳಿಸಿದೆ, ಪ್ರತಿ ಪಟ್ಟಿಯ ಮೇಲೂ ಮಗಳು ಬಿಳಿ ಪೆನ್ನಿನಲ್ಲಿ ನಂಬರ್ ಹಾಕಿದ್ದಳು. ಎರಡು ದಿನ ಮೌನ. ಆಮೇಲೆ 70 ಡಾಲರ್ ವಾಪಸ್ ಹಾಕಿದರು, ಉಳಿದದ್ದಕ್ಕೆ ಮಾಲು ಹಿಂದಿರುಗಿಸಿ ಅಂದರು. ಬೆಂಗಳೂರಿನಿಂದ ವಾಪಸ್ ಕಳಿಸುವ ಕೊರಿಯರ್ ಖರ್ಚು ಅದಕ್ಕಿಂತ ಜಾಸ್ತಿ. ಅವರಿಗೂ ಅದು ಗೊತ್ತು.

ಕೊಳ್ಳುವವರಿದ್ದರೆ ನನ್ನ ಮಾತು ಇಷ್ಟೇ. ಮೊದಲ ಟ್ರೈಲೋಬೈಟ್ ಎಲ್ರಾತಿಯಾ ತಗೊಳ್ಳಿ, ಇಷ್ಟು ಅಗ್ಗದ್ದನ್ನು ನಕಲು ಮಾಡುವ ಕಷ್ಟ ಸಾಮಾನ್ಯವಾಗಿ ಯಾರೂ ಪಡುವುದಿಲ್ಲ. ಊರು, ಪದರ ಬರೆಯದವರ ಹತ್ತಿರ ದುಬಾರಿ ಮಾಲು ತಗೊಳ್ಳಬೇಡಿ. ಕಣ್ಣಿನ ಹತ್ತಿರದ ಫೋಟೋ ಕೇಳಿ, ಕಳಿಸುವುದಕ್ಕೆ ಸಬೂಬು ಹೇಳಿದರೆ ಅಲ್ಲಿಗೇ ಬಿಡಿ. ಮತ್ತೆ ದುಡ್ಡು ಹಾಕುವ ಮುಂಚೆ ಎರಡೂ ಕಡೆ ಪಟ್ಟಿ ಎಣಿಸಿ. ಪುಕ್ಕಟೆ ಕೆಲಸ, ಎರಡು ನಿಮಿಷ ಸಾಕು.

ರೆಸಿನ್‌ದು ಬಿಸಾಕಲಿಲ್ಲ. ಅದನ್ನು ಕಲ್ಲಿನ ಬುಡದಿಂದ ಬಿಡಿಸಿಕೊಡು ಅಂತ ಮಗಳು ಹಟ ಹಿಡಿದಳು, ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದುಕೊಟ್ಟೆ. ಮೂರು ದಿನದಿಂದ ಅದರ ಅಡಿಗೆ ತಂತಿಯಲ್ಲಿ ಕಾಲು ಅಂಟಿಸುತ್ತಿದ್ದಾಳೆ, ಪ್ರತಿ ಕಾಲಿಗೂ ಎರಡು ಕವಲು, ಕಿವಿರಿಗೆ ಹಳೇ ಹಲ್ಲುಜ್ಜುವ ಬ್ರಷ್ಷಿನ ಎಳೆ. ಮನೇಲಿ ಈಗ ಹಳೇ ಬ್ರಷ್ ಒಂದೂ ಉಳಿದಿಲ್ಲ. ನಡುವಿಗೇ 11 ಜೊತೆ ಬೇಕಲ್ವಾ ಅಂತ ಕೇಳಿದೆ. "ಇದಕ್ಕಲ್ಲಪ್ಪ" ಅಂದಳು. ಎಡಕ್ಕೆ 10, ಬಲಕ್ಕೆ 9 ಹಾಕಿದ್ದಾಳೆ.